ಪಕ್ಕದ ಸೀಟಿನ ನಿಯಮ

ಕಬನೂರಿನ ಮಂಗಲ ಕಾರ್ಯಾಲಯದಲ್ಲಿ ಹೋದ ತಿಂಗಳು ಅಣ್ಣಾನ ಶ್ರದ್ಧಾಂಜಲಿ ಸಭೆ ನಡೆಯಿತು. ಮೈಕಿನ ಮುಂದೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಅಣ್ಣಾ ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವವರು. ಮಗ್ಗದ ಮಾಲಕರು ಅದನ್ನು ಮರಾಠಿಯಲ್ಲಿ ಹೇಳಿದರು, ಬಸದಿಯ ಪಂಚರು ಕನ್ನಡದಲ್ಲಿ ಹೇಳಿದರು, ಒಬ್ಬ ಪುಢಾರಿಯಂತೂ ಎರಡರಲ್ಲೂ ಹೇಳಿ ಕಣ್ಣೊರೆಸಿಕೊಂಡ. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ತಲೆ ತಗ್ಗಿಸಿ ಕುಳಿತಿದ್ದೆ. ದುಃಖ ಇತ್ತು, ನಿಜ. ಆದರೆ ತಲೆ ತಗ್ಗಿಸಿದ್ದು ನಗು ಕಾಣಬಾರದೆಂದು. ಯಾರನ್ನೂ ಜೊತೆಗೆ ಕರೆದುಕೊಂಡು ಹೋಗದೆ ಇರಲು ಆ ಮನುಷ್ಯ ಪಟ್ಟ ಪಾಡು ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ನಾನು. ಇನ್ನೊಬ್ಬರು ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಹೆಂಡತಿ.

ನಾನು ಕೊಲ್ಹಾಪುರದ ಹೊರಗಿನ ಒಂದು ಸಣ್ಣ ವಿಮಾನ ತರಬೇತಿ ಶಾಲೆಯಲ್ಲಿ ನಿಯಮಾವಳಿ ಕಲಿಸುತ್ತೇನೆ. ಊರು ಗಡಹಿಂಗ್ಲಜ. ವಿಮಾನ ಹಾರಿಸಲು ನನಗೆ ಬರುವುದಿಲ್ಲ. ಆಂಬೋಲಿ ಘಾಟಿನ ತಿರುವುಗಳಲ್ಲಿ ಎಸ್ಟಿ ಬಸ್ಸೇ ನನ್ನ ಹೊಟ್ಟೆ ತೊಳಸುತ್ತದೆ. ಆದರೆ ಯಾರು, ಎಲ್ಲಿ, ಯಾವಾಗ ಹಾರಬಾರದು ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಹಾರುವವರಿಗೆ ಹಾರಬಾರದ್ದನ್ನು ಕಲಿಸಿ ಸಂಬಳ ತೆಗೆದುಕೊಳ್ಳುವ ಉದ್ಯೋಗ ನನ್ನದು.

ಅಣ್ಣಾ ಮೊದಲು ಬಂದದ್ದು ಪಾಲಕರಾಗಿ. ಐವತ್ತು ದಾಟಿದ ವಯಸ್ಸು, ಬಿಳಿ ಪಾಯಜಾಮ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಯಡ್ರಾವದಲ್ಲಿ ಪವರ್‌ಲೂಮ್ ಶೆಡ್ಡುಗಳು, ಇಚಲಕರಂಜಿಯಲ್ಲಿ ಅಣ್ಣತಮ್ಮಂದಿರೆಲ್ಲ ಒಂದೇ ಒಲೆಯಲ್ಲಿ ಉಣ್ಣುವ ದೊಡ್ಡ ಜೈನ ಮನೆತನ. ತಮ್ಮನ ಮಗನನ್ನು ಪೈಲಟ್ ಮಾಡಬೇಕೆಂದು ಕರೆತಂದಿದ್ದರು. ಅವನ ಜೊತೆ ಅವನ ಅಪ್ಪ, ಇನ್ನೊಬ್ಬ ಕಾಕಾ, ಒಬ್ಬ ಬೀಗರು, ಮುನೀಮ, ಡ್ರೈವರ್, ಮತ್ತು ಯಾರೂ ಪರಿಚಯ ಮಾಡಿಕೊಡದ ಇನ್ನಿಬ್ಬರು. ಆಫೀಸಿನಲ್ಲಿ ಕುರ್ಚಿ ಸಾಲದೆ ಕ್ಲಾಸಿನ ಬೆಂಚು ತಂದು ಹಾಕಿದೆವು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅಣ್ಣಾ ಒಬ್ಬರೇ ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಒಬ್ಬಳು ವಿದ್ಯಾರ್ಥಿನಿ ಎರಡು ಸೀಟಿನ ವಿಮಾನದಲ್ಲಿ ಒಂಟಿಯಾಗಿ ಕುಳಿತು ರನ್‌ವೇ ಕಡೆ ಹೋಗುತ್ತಿದ್ದಳು.

ಹುಡುಗ ಎರಡನೆಯ ಹಾರಾಟದಲ್ಲೇ ವಾಂತಿ ಮಾಡಿಕೊಂಡು, "ಕಾಕಾ, ನಾ ವ್ಯಾಪಾರನ ಮಾಡ್ತೇನಿ" ಎಂದು ಮನೆಗೆ ಹೋದ. ಮಾರನೆಯ ದಿನ ಅಣ್ಣಾ ತಾವೇ ಕಾರು ಓಡಿಸಿಕೊಂಡು ಬಂದರು.

"ಸರ, ಹುಡಗ ಬಿಟ್ಟಾನ. ಜಾಗಾ ಖಾಲಿ ಆತಲ್ರಿ. ಇದಕ್ಕ ವಯಸ್ಸಿನ ಮಿತಿ ಏನರ ಐತೇನು?"

"ಕೆಳಗಿನ ಮಿತಿ ಐತ್ರಿ, ಮ್ಯಾಲಿಂದಿಲ್ಲ. ಡಾಕ್ಟರ ಪಾಸ್ ಮಾಡಬೇಕ, ಅಷ್ಟ."

"ಡಾಕ್ಟರ ನಮ್ಮವನ ಅದಾನ."

"ನಿಮ್ಮವರು ನಡಿಯೂದಿಲ್ರಿ ಅಣ್ಣಾ. ಸರಕಾರ ಒಪ್ಪಿದವರ ಆಗಬೇಕು."

ಆ ಉತ್ತರ ಅವರಿಗೆ ವಿಪರೀತ ಹಿಡಿಸಿತು. ತಮ್ಮವರು ನಡೆಯದ ಜಾಗ ಜಗತ್ತಿನಲ್ಲಿ ಒಂದಿದೆ ಎಂಬುದು ಅಂದೇ ಮೊದಲು ಗೊತ್ತಾಯಿತೋ ಏನೋ. ಡಾಕ್ಟರರು ಪಾಸು ಮಾಡಿದರು. ಅಣ್ಣಾ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಮೊದಲ ಬೆಂಚಿನಲ್ಲಿ ಬಂದು ಕುಳಿತರು.

ಒಬ್ಬರೇ ಹಾರುವ ವಿದ್ಯಾರ್ಥಿಗಳ ಮೇಲಿನ ನಿರ್ಬಂಧಗಳ ಪಾಠ ನನ್ನ ಪಾಠಗಳಲ್ಲೆಲ್ಲ ಒಣ ಪಾಠ. ಬೋಧಕರ ಒಪ್ಪಿಗೆಯಿಲ್ಲದೆ ಹೊರಡಬಾರದು. ಅವರು ಹೇಳಿದ ಸೀಮೆ ದಾಟಬಾರದು. ನೆಲ ಕಾಣದಂತೆ ಮೋಡದ ಮೇಲೆ ಹೋಗಬಾರದು. ಗಾಳಿ ಇಂತಿಷ್ಟಕ್ಕಿಂತ ಜೋರಿದ್ದರೆ ಏರಲೇಬಾರದು. ಹುಡುಗರು ಆಕಳಿಸುತ್ತಿದ್ದರು. ವಿದ್ಯಾರ್ಥಿಯು ಪ್ರಯಾಣಿಕರನ್ನು ಕೂಡಿಸಿಕೊಂಡು ಹೋಗುವಂತಿಲ್ಲ ಎಂದು ಹೇಳಿ ಮುಂದಕ್ಕೆ ಹೊರಟಾಗ ಅಣ್ಣಾ ಕೈ ಎತ್ತಿದರು.

"ಸರ, ಯಾರ್ನೂ ಅಂದ್ರ ಯಾರ್ನೂ?"

"ಯಾರ್ನೂ ಇಲ್ರಿ."

"ತಮ್ಮಂದಿರ್ನ?"

"ಇಲ್ಲ."

"ಬೀಗರ್ನ?"

"ಅವರ್ನೂ ಇಲ್ಲ."

"ಆಮದಾರ ಸಾಹೇಬರು, ನಮ್ಮ ಎಮ್ಮೆಲ್ಲೆ, ಬಂದು ನಿಂತ್ರ?"

"ಮುಖ್ಯಮಂತ್ರಿ ಬಂದ್ರೂ ಇಲ್ರಿ. ವಿದ್ಯಾರ್ಥಿ ಹಾರಿದ್ರ ಒಬ್ಬನ, ಇಲ್ಲಂದ್ರ ಬೋಧಕರ ಕೂಡ. ಮೂರನೇದು ಇಲ್ಲ."

"ಇನ್ನೊಮ್ಮೆ ಹೇಳ್ರಿ," ಎಂದರು. ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಇಷ್ಟು ವರ್ಷದ ನನ್ನ ಮಾಸ್ತರಿಕೆಯಲ್ಲಿ ಒಂದು ನಿಯಮವನ್ನು ಪ್ರಸಾದದ ಹಾಗೆ ತೆಗೆದುಕೊಂಡವರು ಅವರೊಬ್ಬರೇ.

ನಿಯಮಗಳ ಮೇಲೆ ಅವರಿಗೆ ಅಸಡ್ಡೆ ಇರಲಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆಯವರು. ಸೂರ್ಯಾಸ್ತಕ್ಕೆ ಮೊದಲು ಇಳಿಯಬೇಕೆಂದಾಗ ಹುಡುಗರು ಗೊಣಗಿದರೆ ಇವರು, "ನಮ್ಮ ಧರ್ಮಾನೂ ಇದನ್ನ ಹೇಳ್ತೈತಿ. ತುತ್ತರ ಇರಲಿ, ಇಮಾನರ ಇರಲಿ, ಹೊತ್ತ ಮುಳಗೂದ್ರಾಗ ಕೆಳಗ ಇಳೀಬೇಕು" ಎನ್ನುತ್ತಿದ್ದರು. ವಿಮಾನ ಹತ್ತುವ ಮೊದಲು ಟೊಪ್ಪಿಗೆ ತೆಗೆದು, ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟು, ಹೆಡ್‌ಸೆಟ್ಟನ್ನು ಎರಡೂ ಕೈಯಿಂದ ತಲೆಗೇರಿಸಿಕೊಳ್ಳುತ್ತಿದ್ದರು. ಮದುಮಗ ಬಾಸಿಂಗ ಕಟ್ಟಿಸಿಕೊಳ್ಳುವಾಗ ಇರುವಂಥದೇ ಗಾಂಭೀರ್ಯ.

ನಮ್ಮ ಮುಖ್ಯ ಬೋಧಕಿ ಪುಣೆಯ ಕಡೆಯವರು. ಅಣ್ಣಾನ ಮಗಳ ವಯಸ್ಸು, ಆದರೆ ಸಲಿಗೆ ಕೊಡುವವರಲ್ಲ. ಎಲ್ಲರೂ ಅವರನ್ನು ಮ್ಯಾಡಮ್ ಎನ್ನುತ್ತೇವೆ. ಒಂದು ಮುಂಜಾನೆ ಅಣ್ಣಾನ ಜೊತೆ ಎರಡು ಸುತ್ತು ಹಾಕಿ, ಎಂಜಿನ್ ಓಡುತ್ತಿರುವಾಗಲೇ ಅವರು ಬೆಲ್ಟ್ ಬಿಚ್ಚಿ ಕೆಳಗಿಳಿದರು. "ಅಣ್ಣಾ, ಆತಾ ಏಕಟೇ ಜಾ," ಇನ್ನು ಒಬ್ಬರೇ ಹೋಗಿ, ಎಂದು ಬಾಗಿಲು ಹಾಕಿದರು.

ಒಂದೇ ಸುತ್ತು. ಏರಿದರು, ತಿರುಗಿದರು, ರೇಡಿಯೋದಲ್ಲಿ ಹೇಳಬೇಕಾದ್ದನ್ನು ತಮ್ಮ ಇಚಲಕರಂಜಿ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಿದರು, ಇಳಿದರು. ಹುಡುಗರು ಪದ್ಧತಿಯಂತೆ ತಲೆ ಮೇಲೆ ಒಂದು ಬಕೆಟ್ ನೀರು ಸುರಿದರು. ಎಲ್ಲರೂ ಇಳಿದ ಮೇಲೆ ಲ್ಯಾಂಡಿಂಗ್ ಹೇಗಿತ್ತೆಂದು ಕೇಳುತ್ತಾರೆ. ಅಣ್ಣಾ ತೊಯ್ದ ಅಂಗಿಯಲ್ಲೇ ನನ್ನ ಹತ್ತಿರ ಬಂದು ಬೇರೆ ಮಾತು ಹೇಳಿದರು:

"ಸರ, ಮ್ಯಾಡಮ್ ಇಳದ್ರು ನೋಡ್ರಿ, ಇಮಾನ ಹಗ್ಗ ಹರಕೊಂಡ ಕರಾ ಜಿಗಿದಂಗ ಮ್ಯಾಲ ಜಿಗೀತು. ಮಗ್ಗಲಕ ನೋಡಿದೆ. ಸೀಟು ಖಾಲಿ. ಮಾತಿಲ್ಲ, ಕತಿ ಇಲ್ಲ. ನಮ್ಮ ಮನ್ಯಾಗ ಬಚ್ಚಲಕ್ಕ ಹೋದ್ರೂ ಹೊರಗ ಒಬ್ಬ ನಿಂತ ಕೇಳ್ತಾನ್ರಿ, ಅಣ್ಣಾ, ಚೆಕ್ಕಿಗೆ ಸಹಿ ಯಾವಾಗ ಮಾಡ್ತೀರಿ ಅಂತ."

ಎರಡು ದಿನದಲ್ಲಿ ಇಚಲಕರಂಜಿಯ ಚೌಕದಲ್ಲಿ ಫ್ಲೆಕ್ಸು ಎದ್ದಿತು. 'ಹಾರ್ದಿಕ ಅಭಿನಂದನ' ಎಂಬ ದಪ್ಪಕ್ಷರದ ಕೆಳಗೆ ಕೈ ಮುಗಿದ ಅಣ್ಣಾ, ಹಿಂದೆ ಹೊಗೆ ಬಿಡುತ್ತ ಸಾಗುವ ಒಂದು ಯುದ್ಧವಿಮಾನ, ಸುತ್ತ ಶುಭೇಚ್ಛುಕರ ಮುಖಗಳು. ಅಷ್ಟೂ ಮುಖಗಳು ಮುಂದಿನ ವಾರದಿಂದ ಅವರ ಬೆನ್ನು ಬಿದ್ದವು. ಬೀಗರಿಗೆ ತಮ್ಮ ನೂಲಿನ ಗಿರಣಿಯನ್ನು ಮೇಲಿಂದ ನೋಡಬೇಕಿತ್ತು. ಪುಢಾರಿಗೆ ಜಯಂತಿ ಮೆರವಣಿಗೆಯ ಮೇಲೆ ಆಕಾಶದಿಂದ ಹೂವು ಸುರಿಸಬೇಕಿತ್ತು. ತಮ್ಮಂದಿರು ಯಾರು ಮೊದಲು ಕೂಡಬೇಕೆಂಬುದರ ಮೇಲೆ ತಮ್ಮತಮ್ಮಲ್ಲೇ ಮಾತು ಬಿಟ್ಟಿದ್ದರು. ಅಣ್ಣಾ ಎಲ್ಲರ ಎದುರೇ ನನಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, "ಸರ, ಇವರಿಗೆ ನೀವ ಒಂದ ಮಾತ ಹೇಳ್ರಿ" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಆ ಕಡೆಯಿಂದ ಅಣ್ಣಾನ ನಿಟ್ಟುಸಿರು ಕೇಳುತ್ತಿತ್ತು: "ಕೇಳಿದ್ರಲ್ಲಾ? ನನ್ನ ಕೈಯಾಗ ಏನೂ ಇಲ್ಲ. ನಾ ಇನ್ನೂ ವಿದ್ಯಾರ್ಥಿ."

"ಪಾಸ್ ಯಾವಾಗ ಆಕ್ಕೀರಿ?"

"ಅಭ್ಯಾಸ ನಡದೈತಿ."

ಅಭ್ಯಾಸವೇನೋ ನಡೆದಿತ್ತು. ಬೇರೆ ಪತ್ರಿಕೆಗಳನ್ನು ಅಣ್ಣಾ ಬೇಗ ಮುಗಿಸಿದರು. ಹವಾಮಾನದಲ್ಲಿ ಹುಡುಗರಿಗಿಂತ ಹೆಚ್ಚು ಅಂಕ ಬಂದಿತ್ತು. ಉಳಿದದ್ದು ನಿಯಮಾವಳಿ ಒಂದೇ, ಅದೂ ನನ್ನ ವಿಷಯ. ಅದರಲ್ಲಿ ನಾಪಾಸಾದರು. ಮತ್ತೆ ಕುಳಿತರು, ಮತ್ತೆ ನಾಪಾಸು. ಮೂರನೆಯ ಸಲವೂ ಕೂದಲೆಳೆಯಲ್ಲಿ ಹೋಯಿತು. ಮ್ಯಾಡಮ್ ನನ್ನನ್ನು ಕರೆದು, ಪಾಠ ಇನ್ನಷ್ಟು ಸರಳ ಮಾಡಬಹುದೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನನಗೆ ಮುಖ ಎತ್ತಲಾಗಲಿಲ್ಲ. ಅದೇ ಅಣ್ಣಾ ಹೊರಗೆ ಬೇವಿನ ಮರದ ಕೆಳಗೆ ಹುಡುಗರನ್ನು ಕೂರಿಸಿಕೊಂಡು ಅದೇ ನಿಯಮಾವಳಿಯನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಅವರ ಹತ್ತಿರ ಹೇಳಿಸಿಕೊಂಡವರೆಲ್ಲ ಪಾಸು.

ಒಂದು ಶನಿವಾರ ಅವರು ನೇಸರಿಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ದಾರಿಯಲ್ಲೇ ಗಡಹಿಂಗ್ಲಜ ಅಲ್ಲವೇ, ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ನಿಪ್ಪಾಣಿ ದಾಟಿದ ಮೇಲೆ ಕಬ್ಬಿನ ಹಾಲು ಮಾರುವ ಗಾಣದ ಮುಂದೆ ನಿಲ್ಲಿಸಿ ಎರಡು ಗ್ಲಾಸು ಹೇಳಿದರು. ನಾನು ಮಾಸ್ತರಿಕೆ ಶುರುಮಾಡಿದೆ. ಯಾವ ಪ್ರಶ್ನೆ ಕಷ್ಟವಾಯಿತು ಅಣ್ಣಾ, ಎಂದೆ. ಅವರು ಪ್ರಶ್ನೆ ಹೇಳಿದರು, ಸರಿ ಉತ್ತರ ಹೇಳಿದರು, ತಾವು ಒತ್ತಿದ ತಪ್ಪು ಉತ್ತರವನ್ನೂ ಹೇಳಿದರು. ಹೀಗೆ ನಾಲ್ಕಾರು ಪ್ರಶ್ನೆ ಆಗುವಷ್ಟರಲ್ಲಿ ನನ್ನ ಗ್ಲಾಸು ಬಾಯಿಗೆ ಹೋಗದೆ ನಿಂತಿತ್ತು.

"ಬೇಕಂತ ಮಾಡಾಕತ್ತೀರೇನ್ರಿ ಅಣ್ಣಾ?"

"ಸರ, ಸಿಟ್ಟಾಗಬ್ಯಾಡ್ರಿ. ಪಾಸಾಗಾಕ ಸ್ವಲ್ಪ ಓದಿದ್ರ ಸಾಕು. ನಾಪಾಸಾಗಾಕ ಭಾಳ ಓದಬೇಕು. ಯಾವುದು ಖರೇ ಅನ್ನೂದು ಗೊತ್ತಿಲ್ಲದ ತಪ್ಪ ಒತ್ತಿದ್ರ, ಒಂದೊಂದ ಸಲ ಅದ ಖರೇ ಆಗಿ ಕುಂದರತೈತಿ. ಹೋದ ಸಲ ಸ್ವಲ್ಪದಾಗ ಉಳಕೊಂಡೇನಿ."

"ಯಾಕ್ರಿ ಇದೆಲ್ಲಾ?"

"ಪಾಸಾದ್ರ ಬಾಗಲ ಮುಂದ ಪಾಳಿ ಹಚ್ತಾರ್ರಿ. ಇಲ್ಲ ಅನ್ನಾಕ ನನಗ ಬರೂದಿಲ್ಲ. ಹುಟ್ಟಿದಾಗಿಂದ ಯಾರಿಗೂ ಇಲ್ಲ ಅಂದಿಲ್ಲ. ಈಗ ನನ್ನ ಪರವಾಗಿ ನಿಮ್ಮ ನಿಯಮ ಇಲ್ಲ ಅನ್ನಾಕತ್ತೈತಿ. ಅನ್ನಲಿ ಬಿಡ್ರಿ."

ವಿದ್ಯಾರ್ಥಿ ಪರವಾನಗಿಯನ್ನು ನವೀಕರಿಸುತ್ತ ಹೋಗಬಹುದೆಂದು ಅವರಿಗೆ ನಾನೇ ಕಲಿಸಿದ್ದೆ. ಜೀವನಪೂರ್ತಿ ವಿದ್ಯಾರ್ಥಿಯಾಗಿರಬೇಕೆಂದು ದೊಡ್ಡವರು ಹೇಳುತ್ತಾರೆ. ಅದನ್ನು ಅಕ್ಷರಶಃ ಪಾಲಿಸಲು ಹೊರಟವರನ್ನು ನಾನು ಯಾವ ಬಾಯಿಂದ ಬೈಯಲಿ? ಗ್ಲಾಸು ಎತ್ತಿ ಕಬ್ಬಿನ ಹಾಲು ಕುಡಿದೆ.

ಕೆಲವು ತಿಂಗಳ ಮೇಲೆ ಅವರ ಹೆಂಡತಿ ಶಾಲೆಗೆ ಬಂದರು. ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನಾನೂ ಅಂದೆ. ನಿಪ್ಪಾಣಿ ಕಡೆಯ ಹೆಣ್ಣುಮಗಳು, ಮದುವೆಗೆ ಮೊದಲು ಬಿ.ಕಾಂ. ಓದುತ್ತಿದ್ದವರು. ಅಣ್ಣಾ ಅಂದು ಸೂರತ್ತಿಗೆ ಹೋಗಿದ್ದರು. ವೈನಿ ಕುರ್ಚಿಯ ತುದಿಯಲ್ಲಿ ಕುಳಿತು ನೇರವಾಗಿ ಕೇಳಿದರು:

"ಸರ, ಮಗ್ಗಲಕ ಯಾರೂ ಕುಂದರಬಾರದು ಅನ್ನೂದು ಖರೇನ ನಿಯಮ ಐತೋ, ಇವರು ಹುಟ್ಟಿಸಿದ್ದೋ?"

"ಖರೇನ ಐತ್ರಿ ವೈನಿ."

"ಮತ್ತ ಇವರು ಪಾಸ್ ಯಾವಾಗ ಆಕ್ಕಾರ?"

"ಪ್ರಯತ್ನ ಮಾಡಾಕತ್ತಾರ್ರಿ."

ವೈನಿ ನಕ್ಕರು. "ಸರ, ಕಣ್ಣ ಮುಚ್ಚಿ ಬಟ್ಟಿ ಮುಟ್ಟಿ ಯಾವ ಮಗ್ಗದ್ದಂತ ಹೇಳೂ ಮನಶಾ ಅವರು. ಒಂದ ಪರೀಕ್ಷಾದಾಗ ಮೂರ ಸಲ ನಾಪಾಸ್ ಆಗ್ಯಾರಂದ್ರ ನಾ ನಂಬಬೇಕೇನ್ರಿ?"

ನಾನು ಮೇಜು ನೋಡಿದೆ. ತಮ್ಮನ್ನೂ ಒಂದು ಸಲ ಕೂರಿಸಿಕೊಂಡು ಹೋಗಲೆಂದು ಹೇಳಿಸಲು ಬಂದಿದ್ದಾರೆ ಎಂದುಕೊಂಡೆ. ಅಣ್ಣಾನನ್ನು ಹೇಗೆ ಕಾಪಾಡುವುದೆಂದು ಯೋಚಿಸುತ್ತಿರುವಾಗ ವೈನಿಯೇ ಅಂದರು:

"ನಾ ಅವರ ಕೂಡ ಕುಂದ್ರಾಕ ಬಂದಿಲ್ರಿ. ಅವರು ಮನಿಗೆ ಬಂದಾಗ ಮಾರಿ ನೋಡೇನಿ. ಹಂತಾದ್ದು ಏನೈತಿ ಮ್ಯಾಲ ಅಂತ ನನಗೂ ನೋಡಬೇಕಾಗೇತಿ. ಇದಕ್ಕ ವಯಸ್ಸಿನ ಮಿತಿ ಐತೇನು?"

ಅಣ್ಣಾ ಸೂರತ್ತಿನಿಂದ ಬರುವಷ್ಟರಲ್ಲಿ ವೈನಿಯ ವೈದ್ಯಕೀಯ ಪರೀಕ್ಷೆಯೂ ಆಗಿತ್ತು. ಅವರು ಬಂದವರೇ ನನ್ನ ಟೇಬಲ್ಲಿನ ಮುಂದೆ ನಿಂತರು.

"ಸರ, ಆಕೀನೂ ವಿದ್ಯಾರ್ಥಿ, ನಾನೂ ವಿದ್ಯಾರ್ಥಿ. ಇಬ್ರೂ ಕೂಡಿ ಹಾರಬೋದೇನು?"

"ಇಲ್ರಿ."

"ಇಬ್ರಿಗೂ ಬರತೈತಿ ಅಂತ ತಿಳೀರಿ."

"ಬಂದ್ರೂ ಇಲ್ರಿ. ನಿಮಗ ಅವರು ಪ್ರಯಾಣಿಕರು, ಅವರಿಗೆ ನೀವು ಪ್ರಯಾಣಿಕರು."

"ಇದೆಂಥಾ ನಿಯಮರಿ ಇದು!" ಎಂದರು ಅಣ್ಣಾ. ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ವೈನಿ ನಿಧಾನ, ಆದರೆ ಒಮ್ಮೆ ಹೇಳಿದ್ದನ್ನು ಮರೆಯುವವರಲ್ಲ. ಅವರು ಒಬ್ಬರೇ ಹಾರುವ ದಿನವೂ ಬಂತು. ಮ್ಯಾಡಮ್ ಇಳಿದು ಬಾಗಿಲು ಹಾಕಿದರು. ಅಣ್ಣಾ ನನ್ನ ಪಕ್ಕದಲ್ಲಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದರು. ವಿಮಾನ ನೆಲ ಬಿಟ್ಟಿತು. ಅಣ್ಣಾ ಜಿನನಾಮ ಹೇಳತೊಡಗಿದರು. ವಿಮಾನ ದೂರದಲ್ಲಿ ತಿರುಗಿ ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದಾದಾಗ ನನ್ನ ತೋಳು ಹಿಡಿದರು.

"ಸರ, ಆಕಿ ಒಬ್ಬಾಕೀನ ಅದಾಳ."

"ಹೌದ್ರಿ. ಅದಕ್ಕ ಸೋಲೋ ಅಂತಾರ."

"ಮಗ್ಗಲಕ ಯಾರರ ಇರಬೇಕಾಗಿತ್ತು."

"ಯಾರು, ಅಣ್ಣಾ?"

ವೈನಿ ಇಳಿದರು. ಎರಡು ಸಲ ಪುಟಿದ, ಅಷ್ಟೇನೂ ಚೆಂದವಲ್ಲದ ಲ್ಯಾಂಡಿಂಗು. ಹುಡುಗಿಯರು ನೀರು ಸುರಿದರು. ಸೆರಗಿಲ್ಲದ ಹೊಸ ಚೂಡಿದಾರಿನಲ್ಲಿ ತೊಯ್ದು ನಿಂತ ವೈನಿ ಗಂಡನ ಕಡೆ ತಿರುಗಿ, "ಖರೇ ಅದ ರೀ, ಭಾಳ ಚಲೋ ಅನಸ್ತೈತಿ" ಎಂದರು. ಅಣ್ಣಾ ಬೆವರೊರೆಸಿಕೊಳ್ಳುತ್ತಿದ್ದರು.

ಮುಂದಿನ ಪರೀಕ್ಷೆಯಲ್ಲಿ ಅಣ್ಣಾ ನಿಯಮಾವಳಿ ಪಾಸಾದರು. ಎಷ್ಟು ಅಂಕದಿಂದ ಎಂದು ಕೇಳಿ ಮ್ಯಾಡಮ್ ನನ್ನ ಪಾಠದ ಸುಧಾರಣೆಯನ್ನು ಹೊಗಳಿದರು. ಹಾರಾಟದ ಪರೀಕ್ಷೆಯೂ ಆಗಿ, ಪರವಾನಗಿ ಕೈಗೆ ಬಂದ ದಿನ ಅಣ್ಣಾ ವೈನಿಯ ಮುಂದೆ ನಿಂತು, "ನಡಿ, ಈಗ ನಿನ್ನ ಕೂಡಿಸ್ಕೊಂಡ ಹೋಗಾಕ ಬರತೈತಿ" ಎಂದರು.

"ನನ್ನ ಸೋಲೋ ತಾಸು ಇನ್ನೂ ಬಾಕಿ ಅದಾವ್ರಿ," ಎಂದರು ವೈನಿ. "ನೀವು ಬೀಗರ್ನ ಕರಕೊಂಡು ಹೋಗ್ರಿ. ಪಾಪ, ಭಾಳ ದಿನದಿಂದ ಕಾಯಾಕತ್ತಾರ."

ಬೀಗರು ಬಂದರು. ತಮ್ಮಂದಿರು ವಯಸ್ಸಿನ ಪ್ರಕಾರ ಬಂದರು. ಪುಢಾರಿ ಹಾರ ಹಾಕಿಕೊಂಡು ಬಂದು, ಏರಿದ ಮೇಲೆ ಅದೇ ಹಾರದ ಮೇಲೆ ವಾಂತಿ ಮಾಡಿಕೊಂಡ. ಒಬ್ಬ ವ್ಯಾಪಾರಿ ಆಕಾಶದಲ್ಲೂ ನೂಲಿನ ದರ ಕೇಳಿದನಂತೆ. ಬಂದವರಿಗೆಲ್ಲ ಅಣ್ಣಾ ಬೆಲ್ಟು ಕಟ್ಟಿ, ಧೈರ್ಯ ಹೇಳಿ, ಸುತ್ತಿಸಿ ತಂದು ಇಳಿಸುತ್ತಿದ್ದರು. ಮುಖ ಮಗ್ಗದ ಶೆಡ್ಡಿನಲ್ಲಿ ಇರುತ್ತಿದ್ದ ಹಾಗೆಯೇ ಇರುತ್ತಿತ್ತು. ವೈನಿ ಮಾತ್ರ ವಾರಕ್ಕೊಮ್ಮೆ ಬಂದು, ಒಬ್ಬರೇ ಹಾರಿ, ಒಬ್ಬರೇ ಇಳಿದು, ಬೇವಿನ ಮರದ ಕೆಳಗೆ ಡಬ್ಬಿಯ ಅವಲಕ್ಕಿ ತಿಂದು ಹೋಗುತ್ತಿದ್ದರು.

ಮಳೆಗಾಲ ಮುಗಿದ ಹೊಸದರಲ್ಲಿ ಒಂದು ದಿನ ಗಾಳಿ ರನ್‌ವೇಗೆ ಅಡ್ಡವಾಗಿ ಬೀಸುತ್ತಿತ್ತು. ವಿದ್ಯಾರ್ಥಿಗಳಿಗೆ ಹಾಕಿದ ಮಿತಿಗಿಂತ ಜೋರು. ಮ್ಯಾಡಮ್ ಸೋಲೋ ಹಾರಾಟಗಳನ್ನೆಲ್ಲ ನಿಲ್ಲಿಸಿದರು. ವೈನಿ ಹೆಡ್‌ಸೆಟ್ ಹಿಡಿದು ಬೆಂಚಿನ ಮೇಲೆ ಸುಮ್ಮನೆ ಕುಳಿತರು. ಅಣ್ಣಾ ಪರವಾನಗಿ ಇದ್ದವರು, ಅವರಿಗೆ ಆ ಮಿತಿ ಇಲ್ಲ. ಮ್ಯಾಡಮ್ ಅವರಿಗೆ ಒಪ್ಪಿಗೆ ಕೊಟ್ಟಿದ್ದರು. ಅಣ್ಣಾ ಬೆಂಚಿನ ಮುಂದೆ ಬಂದು ನಿಂತು, ಹೆಣ್ಣು ನೋಡಲು ಬಂದ ಹುಡುಗನ ಹಾಗೆ ನೆಲ ನೋಡುತ್ತ, "ಬರ್ತೀಯೇನ?" ಎಂದರು.

ವೈನಿ ನನ್ನ ಕಡೆ ನೋಡಿದರು. "ನಿಯಮ ಐತೇನ್ರಿ ಸರ?"

"ಐತ್ರಿ. ಅವರಿಗೆ ಈಗ ಕೂಡಿಸ್ಕೊಂಡ ಹೋಗಾಕ ಬರತೈತಿ."

ಹೋದರು. ಗಡಹಿಂಗ್ಲಜದ ಕಡೆಗೆ ಹೋಗಿ, ಕಬ್ಬಿನ ಹೊಲಗಳ ಮೇಲೆ ತಿರುಗಿ, ತಡವಾಗಿಯೇ ಬಂದರು. ಅಣ್ಣಾ ವಿಮಾನ ಕಟ್ಟಿ ನಿಲ್ಲಿಸುವ ಕೆಲಸದಲ್ಲಿದ್ದಾಗ ವೈನಿ ನನ್ನ ಹತ್ತಿರ ಬಂದರು. ಹೇಗಿತ್ತು ಎಂದೆ.

"ಏನ್ ಹೇಳಲಿ ಸರ, ಭಾಳ ಮಾತಾಡ್ತಾರ್ರಿ. ಏರಿದಾಗಿಂದ ಇಳಿಯೂತನಕ ಬಾಯಿ ಮುಚ್ಚಲಿಲ್ಲ. ಲಗ್ನದಾಗ ನನ್ನ ಮಾವ ಏನಂದಿದ್ದಾ, ಮೊದಲನೇ ಮಗ್ಗ ತಂದಾಗ ತಾವು ಎಷ್ಟ ಹೆದರಿದ್ರು, ನನಗ ಕಾಲೇಜ ಬಿಡಿಸಿದ್ದು ಅವರಿಗೆ ಹೆಂಗ ಅನಿಸಿತ್ತು, ಎಲ್ಲಾ. ಇಷ್ಟ ವರ್ಷದಾಗ ಮನ್ಯಾಗ ಇದರಾಗಿನ ಒಂದ ಮಾತ ಆಡಿದ್ದಿಲ್ಲ ನೋಡ್ರಿ. ಮಂದಿ ಇರತಿದ್ರಲ್ಲ ಯಾವಾಗಲೂ."

ಅಣ್ಣಾನ ಮುಖ ಅಂದು ನಾನು ನೋಡಿದೆ. ಮೊದಲ ಸೋಲೋ ದಿನಕ್ಕಿಂತ ಬೇರೆಯಾಗಿತ್ತು. ಅದಕ್ಕೆ ನನ್ನ ಪಠ್ಯದಲ್ಲಿ ಶಬ್ದವಿಲ್ಲ. ಆಮೇಲೂ ಕೆಲವು ಸಲ ಇಬ್ಬರೂ ಕೂಡಿ ಹಾರಿದರು. ಗಾಳಿ ಜೋರಿಲ್ಲದ ದಿನವೂ.

ಹೋದ ತಿಂಗಳು ಒಂದು ದಿನ ಯಡ್ರಾವದ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಅಣ್ಣಾ ಎದೆ ಹಿಡಿದುಕೊಂಡರಂತೆ. ಮಗ್ಗಗಳನ್ನು ನಿಲ್ಲಿಸುವಷ್ಟರಲ್ಲಿ ಮುಗಿದಿತ್ತು. ಸುತ್ತ ಮಂದಿಯೇ ಮಂದಿ ಇದ್ದರೆಂದು ಅವರ ತಮ್ಮ ಹೇಳಿದ.

ಮೊನ್ನೆ ವೈನಿ ಶಾಲೆಗೆ ಬಂದರು. ಜೊತೆಗೆ ಇಬ್ಬರು ಮೈದುನರು. ಇಷ್ಟು ದಿನ ಬಿಟ್ಟಿದ್ದರಿಂದ ಮೊದಲು ಮ್ಯಾಡಮ್ ಜೊತೆ ಹಾರಿ ತೋರಿಸಬೇಕಾಗುತ್ತದೆ ಎಂದೆ. ಗೊತ್ತೈತ್ರಿ, ಎಂದರು. ಮ್ಯಾಡಮ್ ಎರಡು ಸುತ್ತು ನೋಡಿ ಇಳಿದು ಬಂದಾಗ ದೊಡ್ಡ ಮೈದುನ ಗಾಬರಿಯಾದ. "ಸರ, ಇಂಥಾ ಹೊತ್ತನ್ಯಾಗ ಅವರ್ನ ಒಬ್ರನ್ನ ಬಿಡೂದು ಚಲೋ ಅಲ್ರಿ. ನಮ್ಮಾಗ ಒಬ್ಬರು ಕೂಡ್ತೇವಿ," ಎಂದ. ವಿದ್ಯಾರ್ಥಿ ಯಾರನ್ನೂ ಕೂಡಿಸಿಕೊಳ್ಳಲು ಬರುವುದಿಲ್ಲ ಎಂದೆ. ಮೈದುನರಿಬ್ಬರೂ ಬೆಂಚಿನ ಮೇಲೆ ಕುಳಿತು ಆಕಾಶ ನೋಡತೊಡಗಿದರು. ವೈನಿ ಒಬ್ಬರೇ ಹೋಗಿ ಬಂದರು. ಈ ಸಲ ವಿಮಾನ ಪುಟಿಯಲಿಲ್ಲ.

ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ: "ವೈನಿ, ನಿಮ್ಮ ತಯಾರಿ ಎಲ್ಲಾ ಆಗೇತಿ. ಪರೀಕ್ಷೆ ಯಾವಾಗ ಕೊಡ್ತೀರಿ?"

ವೈನಿ ಹೆಡ್‌ಸೆಟ್ಟಿನ ವಾಯರನ್ನು ನಿಧಾನವಾಗಿ ಸುತ್ತಿಟ್ಟರು.

"ಪಾಸಾಗಿ ಯಾರ್ನ ಕೂಡಿಸ್ಕೊಳ್ಳಲ್ರಿ ಸರ?" ಎಂದರು. ಆಮೇಲೆ ಗಾಳಿಯ ದಿಕ್ಕು ತೋರುವ ಗಾಳಿಚೀಲದ ಕಡೆ ಮುಖ ಮಾಡಿ, "ನಾಳೆ ಗಾಳಿ ಹೆಂಗ ಇರ್ತೈತ್ರಿ?" ಎಂದು ಕೇಳಿದರು.